ಬುರುಲ್ಚಾಳ ಬೆಣ್ಣೆ, ಪೆರಿಜಾತಳ ಮೂಗು

ನಮ್ಮ ಗುಡ್ಡದೂರು ಎಚ್ಕಿತಾಶ್‌ನಲ್ಲಿ ಮಗು ಹುಟ್ಟಿತೆಂದರೆ ಮೊದಲು ಹಾಲಲ್ಲ, ಬೆಣ್ಣೆ. ಕಾಯಿಸಿ ಸೋಸಿದ ಹಳದಿ ಬೆಣ್ಣೆಯ ಚೂರೊಂದನ್ನು ಊರಿನ ಹಿರಿಯ ಹೆಂಗಸೊಬ್ಬಳು ತನ್ನ ಬಾಯಲ್ಲಿಟ್ಟು ಮೆತ್ತಗೆ ಮಾಡಿ, ಕಿರುಬೆರಳಿನಿಂದ ಮಗುವಿನ ನಾಲಿಗೆಗೆ ಸವರಬೇಕು. ಆಮೇಲೆಯೇ ತಾಯಿಯ ಮೊಲೆ. ಸವರಿದವಳ ಬಾಳು ಹೇಗೋ ಮಗುವಿನ ಬಾಳೂ ಹಾಗೇ ಎಂದು ನಂಬಿಕೆ. ಹಾಗಾಗಿ ಯಾರನ್ನೆಂದರೆ ಅವರನ್ನು ಕರೆಯುವಂತಿಲ್ಲ. ಗಂಡ ಬಿಟ್ಟವಳು ಆಗುವುದಿಲ್ಲ, ಮಕ್ಕಳನ್ನು ಮಣ್ಣಿಗೆ ಹಾಕಿದವಳು ಆಗುವುದಿಲ್ಲ, ಕಾಯಿಲೆಯವಳು ಆಗುವುದಿಲ್ಲ, ಜಿಪುಣಿಯಂತೂ ಆಗುವುದೇ ಇಲ್ಲ. ಈ ಜರಡಿಯಲ್ಲಿ ಎಲ್ಲರನ್ನೂ ಸೋಸಿದ ಮೇಲೆ ಊರಿಗೆ ಉಳಿಯುತ್ತಿದ್ದವಳು ಬುರುಲ್ಚಾ ಒಬ್ಬಳೇ. ಊರಿಗೆಲ್ಲ ಅವಳು 'ಅಪಾ', ಹಿರಿಯಮ್ಮ.

ಬುರುಲ್ಚಾ ಎಂಟು ಹೆತ್ತಳು, ಎಂಟೂ ಉಳಿದವು. ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ; ಗುಡ್ಡದ ಮೇಲಿನ ಗೋರಿಗಳಲ್ಲಿ ಮೊಳದುದ್ದದವೇ ಹೆಚ್ಚು. ಎಂಟೂ ಉಳಿದದ್ದು ತನ್ನ ಜಾಣತನದಿಂದಲೇ ಎಂದು ಅವಳು ತಿಳಿದಿದ್ದಳು. ಅದೃಷ್ಟ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಆ ಮನೆಯ ಚಹಾ ಮುಟ್ಟುತ್ತಿರಲಿಲ್ಲ. ಹರೆಯದಲ್ಲಿ ಸರ್ಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆದವಳು, ಆಮೇಲೆ ಮನೆಯ ಕುರಿಗಳನ್ನೂ ಊರಿನ ಜನರನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ಬಂದವಳು. ಗಂಡ ಬಾಯಿಲ್ಲದ ಮನುಷ್ಯ. ಸಾಯುವಾಗಲೂ ಅವಳ ಅಪ್ಪಣೆ ಕೇಳಿಯೇ ಸತ್ತ ಎಂದು ಜನ ನಗುತ್ತಿದ್ದರು. ಅವಳಿಗೆ ಎಪ್ಪತ್ತೊಂದಾಗುವ ಹೊತ್ತಿಗೆ ಊರಿನ ಅರ್ಧ ಜನ ಅವಳ ಎಂಜಲು ನೆಕ್ಕಿಯೇ ಲೋಕಕ್ಕೆ ಬಂದವರಾಗಿದ್ದರು. ಅದನ್ನು ಅವಳು ಮರೆಯಲು ಬಿಡುತ್ತಿರಲಿಲ್ಲ. ಪಂಚಾಯಿತಿಯ ಮುಖ್ಯಸ್ಥ ಒಮ್ಮೆ ನೀರಿನ ಸರದಿಯ ವಿಷಯದಲ್ಲಿ ಎದುರು ಮಾತಾಡಿದ್ದಕ್ಕೆ, ನಾಲ್ಕು ಜನರ ಮುಂದೆ, "ಲೋ, ನನ್ನ ಎಂಜಲು ತಿಂದು ಹಲ್ಲು ಬಂದವನು ನೀನು, ಆ ಹಲ್ಲು ನನಗೇ ತೋರಿಸ್ತೀಯಾ?" ಎಂದುಬಿಟ್ಟಿದ್ದಳು.

ಆ ನವೆಂಬರಿನಲ್ಲಿ ಸೋನುನ್ ಮನೆಯಿಂದ ಕರೆ ಬಂತು. ಸೋನುನ್ ಎಂದರೆ ಬುರುಲ್ಚಾಳಿಗಿಂತ ಹತ್ತು ವರ್ಷ ಚಿಕ್ಕವಳು, ಮೂರು ಮನೆಯಾಚೆ ಇರುವವಳು, ಹೊರಗೆ ನಯ, ಒಳಗೆ ಹೊಟ್ಟೆಕಿಚ್ಚು. ಅವಳ ಸೊಸೆ ಚೊಲ್ಪೊನ್‌ಗೆ ಗಂಡು ಮಗು. ಮೊದಲನೆಯದು ಹೆಣ್ಣು, ಮೂರು ವರ್ಷದ ಪೆರಿಜಾತ್. ಚಳಿಗಾಲವಿಡೀ ಸುರಿಯುವ ಮೂಗು, ಒಂದು ನಿಮಿಷ ಕೂತಲ್ಲಿ ಕೂರದ ಕಾಲು. ಬುರುಲ್ಚಾ ಹೋದಳು, ಬೆಣ್ಣೆ ಸವರಿದಳು, ಮಗುವಿಗೆ ತಿಲೆಕ್ ಎಂದು ಹೆಸರಿಟ್ಟಾಗ ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂತು ಕುರಿಯ ಬಾಲದ ಕೊಬ್ಬು ತಿಂದು, ಹೊಸ ತಲೆವಸ್ತ್ರ ಕಟ್ಟಿಸಿಕೊಂಡು ಬಂದಳು. ಪೆರಿಜಾತ್ ಹೆಜ್ಜೆಹೆಜ್ಜೆಗೂ ತೊಟ್ಟಿಲಿಗೆ ಮುಖ ತೂರಿಸಿ ತಮ್ಮನಿಗೆ ಮುತ್ತು ಕೊಡುತ್ತಿದ್ದಳು. ತಾಯಿ ಎಳೆಯಲು ಹೋದಾಗ ಬುರುಲ್ಚಾಳೇ, "ಬಿಡೇ, ಅಕ್ಕನ ಉಸಿರು ತಮ್ಮನಿಗೆ ಬಿಸಿ" ಎಂದಿದ್ದಳು. ಆ ಮಾತು ಎಲ್ಲರಿಗೂ ಚೆಂದ ಕಂಡಿತ್ತು.

ಡಿಸೆಂಬರಿನಲ್ಲಿ ರಾಜಧಾನಿಯಿಂದ ಮೂರು ಜನ ಜೀಪಿನಲ್ಲಿ ಬಂದರು. ಊರಿನ ನರ್ಸ್ ರಾಖಾತ್ ಅವರನ್ನು ಕರೆದುಕೊಂಡು ಮನೆ ಮನೆ ತಿರುಗಿದಳು. ಕೈಯಲ್ಲಿ ಗೇಣುದ್ದದ ತೆಳ್ಳನೆ ಕಡ್ಡಿ, ತುದಿಯಲ್ಲಿ ಹತ್ತಿ. ಅದನ್ನು ಮೂಗಿನೊಳಗೆ, ಇನ್ನೂ ಒಳಗೆ, ಕಣ್ಣಲ್ಲಿ ನೀರು ಬರುವಷ್ಟು ಒಳಗೆ ತೂರಿಸಿ ತಿರುಗಿಸಿ ತೆಗೆದು ಸೀಸೆಗೆ ಹಾಕುತ್ತಿದ್ದರು. ಹಸುಗೂಸು, ಓಡಾಡುವ ಮಗು, ತಾಯಂದಿರು, ಮುದುಕರು, ಎಲ್ಲ ವಯಸ್ಸಿನವರೂ ಬೇಕಂತೆ. ಬುರುಲ್ಚಾ ಕಡ್ಡಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೇ ರಾಖಾತ್, ನನ್ನ ಮೂಗಲ್ಲಿ ಏನು ಕಳ್ಕೊಂಡಿದ್ದೀರಿ?"

"ನ್ಯುಮೋನಿಯಾ ತರೋ ಹುಳ ಅಪಾ. ಅದು ಮೂಗಿನ ಹಿಂದೆ ಮನೆ ಮಾಡ್ಕೊಂಡಿರುತ್ತೆ. ಇದ್ದೋರಿಗೆ ಗೊತ್ತೂ ಆಗಲ್ಲ."

"ಎಪ್ಪತ್ತು ವರ್ಷದಿಂದ ಬೆರಣಿ ಹೊಗೆ ಕುಡಿದಿರೋ ಮೂಗು ಕಣೇ ಇದು. ಯಾವ ಹುಳ ಬದುಕುತ್ತೆ ಇಲ್ಲಿ?"

"ಹೊಗೆ ಅಂದ್ರೆ ಅದಕ್ಕೆ ಹಬ್ಬ ಅಪಾ. ಮುಖ ಎತ್ತಿ, ಸುಮ್ನಿರಿ."

ಬಂದವರಲ್ಲಿ ಒಬ್ಬ ಹುಡುಗ ವಯಸ್ಸಿನ ಡಾಕ್ಟರು ಕಾಗದ ಹಿಡಿದು ಪ್ರಶ್ನೆ ಕೇಳಿದ. ಐದು ವರ್ಷದೊಳಗಿನವರು ಎಷ್ಟು? ಒಲೆಗೆ ಏನು ಹಾಕುತ್ತೀರಿ? ಬೀಡಿ ಸಿಗರೇಟು ಯಾರು ಸೇದುತ್ತಾರೆ? ಹೋದ ತಿಂಗಳು ಯಾರಾದರೂ ಮಾತ್ರೆ ನುಂಗಿದರೇ?

"ಒಂದು ಕೋಣೇಲಿ ಎಷ್ಟು ಜನ ಮಲಗ್ತೀರಿ ಅಜ್ಜಿ?"

"ಬೇಸಿಗೇಲೋ, ಚಳಿಗಾಲದಲ್ಲೋ?"

"ಚಳಿಗಾಲದಲ್ಲಿ."

"ಎಷ್ಟು ಜನ ಇದ್ದೀವೋ ಅಷ್ಟೂ. ಒಲೆ ಒಂದೇ ಅಲ್ವಾ? ನೀನೂ ಇವತ್ತು ಇಲ್ಲೇ ಉಳಿದ್ರೆ ನಿನ್ನನ್ನೂ ಸೇರಿಸಿ ಬರ್ಕೋ."

ಆತ ನಕ್ಕು ಹನ್ನೊಂದು ಎಂದು ಬರೆದುಕೊಂಡ. ಸೋನುನ್ ಮನೆಯಲ್ಲಿಯೂ ಹೀಗೇ ಕಡ್ಡಿ ತೂರಿಸಿ, ಹೀಗೇ ಕೇಳಿ ಬರೆದುಕೊಂಡರು. ಪೆರಿಜಾತ್ ಕಡ್ಡಿಗೆ ಹೆದರಿ ಡಾಕ್ಟರಿನ ಕೈ ಕಚ್ಚಿದಳು. ಜೀಪು ಹೋಯಿತು, ಊರು ಅದನ್ನು ಮರೆಯಿತು.

ಜನವರಿಯಲ್ಲಿ ತಿಲೆಕ್‌ಗೆ ಉಸಿರು ಕಟ್ಟತೊಡಗಿತು. ಎದೆಗೂಡು ಒಳಗೆ ಸೇದಿಕೊಂಡು, ತುಟಿ ನೀಲಿಗಟ್ಟಿ, ಮೊಲೆ ಹಿಡಿಯುವುದನ್ನೇ ಬಿಟ್ಟಿತು. ಹಿಮ ಬಿದ್ದ ದಾರಿಯಲ್ಲಿ ಜಿಲ್ಲಾ ಆಸ್ಪತ್ರೆ ತಲುಪುವಾಗ ಮಧ್ಯಾಹ್ನವಾಗಿತ್ತು. ಮರುದಿನ ಮಧ್ಯಾಹ್ನಕ್ಕೆ ಮಗು ಇರಲಿಲ್ಲ. ಹತ್ತು ವಾರದ ಮಗು. ಆ ನ್ಯುಮೋನಿಯಾ ತಡೆಯುವ ಲಸಿಕೆ ನಮ್ಮ ಊರಿಗೆ ಬಂದದ್ದು ಮಾರನೆಯ ವರ್ಷ. ಯಾರನ್ನು ಬೈಯುವುದು? ಬೈಯಲು ಯಾರೂ ಸಿಗದಿದ್ದರೆ ಜನ ಹುಡುಕಿ ತರುತ್ತಾರೆ.

ಅಲ್ಲಿನ ಡಾಕ್ಟರು ಸೋನುನ್‌ಗೆ ಹೇಳಿದ್ದು ಇಷ್ಟೇ: "ಮನೇಲಿ ಯಾರದೋ ಮೂಗಿಂದಲೋ ಬಾಯಿಂದಲೋ ಬಂದಿರುತ್ತೆ." ಸೋನುನ್ ಊರಿಗೆ ಮರಳುವಷ್ಟರಲ್ಲಿ ಮೂಗು ದಾರಿಯಲ್ಲೇ ಉದುರಿಹೋಗಿ ಬಾಯಿ ಮಾತ್ರ ಉಳಿದಿತ್ತು. ಬಾಯಿ ಎಂದಮೇಲೆ ಎಚ್ಕಿತಾಶ್‌ನಲ್ಲಿ ಇನ್ಯಾರ ಬಾಯಿ? ಬೆಣ್ಣೆ ಸವರಿ ಎಪ್ಪತ್ತು ದಿನ ಕಳೆದಿತ್ತು ಎಂದು ಯಾರೂ ಬೆರಳು ಮಡಿಚಿ ನೋಡಲಿಲ್ಲ. "ಅಪಾಗೆ ವಯಸ್ಸಾಯ್ತು, ಬಾಯಿ ಕೆಟ್ಟಿದೆ" ಎಂದು ಮೆಲ್ಲಗೆ ಶುರುವಾಯಿತು. ಅವಳು ಕಟ್ಟಿಸಿಕೊಂಡ ಬಂಗಾರದ ಹಲ್ಲಿನ ಕೆಳಗೆ ಕೊಳೆತಿದೆಯಂತೆ ಎಂದರು. ಅವಳ ಕೆಮ್ಮಿಗೆ ತಿಂಗಳ ಲೆಕ್ಕ ಹಾಕಿದರು. ಅದೇ ಚಳಿಗೆ ಊರಿಗೆ ಊರೇ ಕೆಮ್ಮುತ್ತಿತ್ತು. ಆ ಕೆಮ್ಮುಗಳು ಯಾರ ಕಿವಿಗೂ ಬೀಳಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಗು ಹುಟ್ಟಿತು, ಮಾರ್ಚಿನಲ್ಲಿ ಎರಡು. ಬುರುಲ್ಚಾಳಿಗೆ ಕರೆ ಬರಲಿಲ್ಲ. ಮೊದಲ ಸಲ ತಲೆವಸ್ತ್ರ ಕಟ್ಟಿ ತಯಾರಾಗಿ ಕೂತಿದ್ದಳು. ಕತ್ತಲಾಗುವ ಮುಂಚೆ ತಾನೇ ಬಿಚ್ಚಿಟ್ಟಳು. ಬೆಣ್ಣೆ ಸವರಲು ಶಾಲೆಯ ಟೀಚರಮ್ಮನನ್ನು ಕರೆದರಂತೆ, ಹಲ್ಲುಜ್ಜಿಸಿಕೊಂಡು ಬರಲು ಹೇಳಿ. ಅದನ್ನೂ ಅವಳು ತಡೆದುಕೊಂಡಾಳು. ಆದರೆ ಜೂನಿನಲ್ಲಿ ಅವಳ ಮನೆಯಲ್ಲೇ ಕೂಸು ಹುಟ್ಟುವುದಿತ್ತು. ಮೊಮ್ಮಗನ ಹೆಂಡತಿ ಬಸುರಿ. ಬುರುಲ್ಚಾಳ ಮೊದಲ ಮರಿಮಗು. ಒಂದು ದಿನ ಒಲೆಯ ಮುಂದೆ ಬೆರಣಿ ಮುರಿಯುತ್ತಾ ಕೂತಿದ್ದಾಗ ಹಿರಿ ಸೊಸೆ ಮುಖ ನೋಡದೆ ಹೇಳಿದಳು.

"ಅಪಾ, ಬೇಜಾರ್ ಮಾಡ್ಕೋಬೇಡಿ. ಹುಡುಗಿ ಹೆದರಿದ್ದಾಳೆ. ಈ ಸಲಕ್ಕೆ ಟೀಚರಮ್ಮನ ಹತ್ರಾನೇ ಬೆಣ್ಣೆ ಹಾಕಿಸೋಣ ಅಂತ..."

"ನನ್ನ ಮನೇಲಿ? ನಾನು ಜೀವಂತ ಇರುವಾಗ?"

"ಒಂದೇ ಒಂದು ಸಲ ಅಪಾ."

ಬುರುಲ್ಚಾ ಕೈಯಲ್ಲಿದ್ದ ಬೆರಣಿಯನ್ನು ಮುರಿದು ಒಲೆಗೆ ಎಸೆದಳು. ಅವಳಿಗೆ ಆ ಮರಿಮಗುವಿನ ನಾಲಿಗೆಗೆ ತನ್ನ ಬೆರಳು ತಾಗಬೇಕಿತ್ತು. ಅಷ್ಟೇ ಬೇಕಿತ್ತು, ಬೇರೇನೂ ಬೇಡ.

ಮೇ ತಿಂಗಳಲ್ಲಿ ರಾಜಧಾನಿಯಿಂದ ಮೂಗಿನ ಪರೀಕ್ಷೆಯ ಕಾಗದ ಬಂತು. ಊರವರಿಗೆಲ್ಲ ಅದು ಬೇಡದ ಕಾಗದ. ಬುರುಲ್ಚಾ ಮಾತ್ರ ಅದಕ್ಕಾಗಿಯೇ ವಾರಕ್ಕೆರಡು ಸಲ ಊರಿನ ನರ್ಸ್ ಕೂರುವ ದವಾಖಾನೆಯ ಕೋಣೆಗೆ ಹೋಗಿ ಬಾಗಿಲಲ್ಲಿ ಕೂರುತ್ತಿದ್ದಳು. ರಾಖಾತ್‌ಗೆ ಪಾಪ ಅನ್ನಿಸಿತ್ತು. ಅವಳೂ ಬುರುಲ್ಚಾಳ ಬೆಣ್ಣೆ ತಿಂದವಳೇ. ಮಾಡಬಾರದ ಕೆಲಸ ಅವಳು ಮಾಡಿದ್ದು ಆ ಕನಿಕರದಿಂದಲೇ.

"ನಿಮ್ಮ ಮೂಗು ಚೊಕ್ಕ ಅಪಾ. ಏನೂ ಇಲ್ಲ. ನೋಡಿ, ಇಲ್ಲಿ ಬರೆದಿದೆ."

ಬುರುಲ್ಚಾ ಕಾಗದ ಕಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, "ಹಂಗಾದ್ರೆ ಯಾರದು?"

"ಹಂಗೆಲ್ಲ ಹೇಳೋ ಹಂಗಿಲ್ಲ."

"ರಾಖಾತ್, ನಾಲ್ಕು ತಿಂಗಳಿಂದ ಈ ಊರು ನನ್ನನ್ನ ಕೂಸು ಕೊಂದವಳು ಅಂತ ನೋಡ್ತಾ ಇದೆ. ನನ್ನ ಸೊಸೆ ಮರಿಮಗುನ ನನ್ನಿಂದ ಬಚ್ಚಿಡೋ ಉಪಾಯ ಹುಡುಕ್ತಾ ಇದ್ದಾಳೆ. ಹೇಳೇ."

ರಾಖಾತ್ ಪಟ್ಟಿ ತಿರುಗಿಸಿದಳು. ಸೋನುನ್ ಮನೆಯ ಸಾಲಿನಲ್ಲಿ ಸೋನುನ್‌ಗೆ ಇಲ್ಲ, ಚೊಲ್ಪೊನ್‌ಗೆ ಇಲ್ಲ, ಅವಳ ಗಂಡನಿಗೆ ಇಲ್ಲ. ಪೆರಿಜಾತ್‌ಗೆ ಇದೆ.

ಆ ಹೆಸರಿನ ಮೇಲೆ ಬುರುಲ್ಚಾಳ ಕಣ್ಣು ನೆಟ್ಟದ್ದು ಕಂಡು ರಾಖಾತ್‌ಗೆ ತಾನು ಎಡವಿದ್ದು ತಿಳಿಯಿತು. ಗಾಬರಿಯಿಂದ ಹೇಳತೊಡಗಿದಳು. ಈ ಹುಳ ಎಳೆ ಮಕ್ಕಳ ಮೂಗಲ್ಲೇ ಹೆಚ್ಚು; ಊರಿನ ಪುಟ್ಟ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಿಕ್ಕಿದೆ. ದೊಡ್ಡವರಾಗ್ತಾ ಬಿಟ್ಟುಹೋಗುತ್ತೆ. ಮುದುಕರಲ್ಲಿ ಕಮ್ಮಿ, ಆದ್ರೆ ಹತ್ತಿದ್ರೆ ಮುದುಕರನ್ನೂ ಹಸುಗೂಸನ್ನೂ ಬಿಡೋದಿಲ್ಲ. ಒಂದೇ ಕೋಣೆ, ಹೊಗೆ, ಮನೆ ತುಂಬ ಮಕ್ಕಳು, ಇನ್ನೇನಾಗುತ್ತೆ? ಆ ಹುಳದಲ್ಲೇ ತೊಂಬತ್ತಕ್ಕೂ ಮೇಲೆ ಜಾತಿ. ಪೆರಿಜಾತಳ ಮೂಗಿನದೇ ತಿಲೆಕ್‌ಗೆ ಹೋಯ್ತು ಅಂತ ದೇವರೂ ಹೇಳೋಕಾಗಲ್ಲ. "ಇದು ಯಾರ ತಪ್ಪೂ ಅಲ್ಲ ಅಪಾ. ಯಾರ ಮುಂದೂ ಬಾಯಿ ಬಿಡಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬುರುಲ್ಚಾ ಇದರಲ್ಲಿ ತನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಂಡಳು. ನಾವೆಲ್ಲರೂ ಹಾಗೆಯೇ ಕೇಳಿಸಿಕೊಳ್ಳುವುದು, ಆದರೆ ಅವಳಿಗೆ ನಾಲಿಗೆಯೂ ಇತ್ತು.

ಆದರೂ ಹತ್ತು ದಿನ ತಡೆದುಕೊಂಡಳು. ಇದನ್ನು ಅವಳ ಲೆಕ್ಕಕ್ಕೆ ಬರೆಯಬೇಕು. ಹನ್ನೊಂದನೆಯ ದಿನ ಪಕ್ಕದ ಬೀದಿಯಲ್ಲಿ ತೊಟ್ಟಿಲ ಶಾಸ್ತ್ರ. ಬೇರೆ ದಾರಿಯಿಲ್ಲದೆ ಅವಳನ್ನೂ ಕರೆದಿದ್ದರು. ಸದಾ ಬಾಗಿಲ ಎದುರಿನ ಮೇಲಿನ ಜಾಗದಲ್ಲಿ ಕೂರುತ್ತಿದ್ದವಳಿಗೆ ಅವತ್ತು ಬಾಗಿಲ ಬಳಿ ಬಿಚ್ಚಿಟ್ಟ ಬೂಟುಗಳ ಪಕ್ಕ ಜಾಗ ಸಿಕ್ಕಿತು. ಟೀಚರಮ್ಮ ಮೇಲೆ ಕೂತು ಮಾಂಸದ ಪಾಲು ಹಾಕಿಸಿಕೊಳ್ಳುತ್ತಿದ್ದಳು. ತೊಟ್ಟಿಲು ಕೈಯಿಂದ ಕೈಗೆ ದಾಟುತ್ತಾ ಬಂದಾಗ ಬುರುಲ್ಚಾ ರೂಢಿಯಂತೆ ಮಗುವಿನ ಮುಖ ನೋಡಲು ಬಗ್ಗಿದಳು.

"ಅಪಾ," ಎಂದಳು ಸೋನುನ್, ಸಕ್ಕರೆ ಸುರಿಯುವ ದನಿಯಲ್ಲಿ, "ಅಷ್ಟು ಬಗ್ಗಬೇಡಿ. ಹಳೇ ಉಸಿರು, ಹಸೀ ಕೂಸು."

ಹೆಂಗಸರೆಲ್ಲ ತಮ್ಮ ತಮ್ಮ ಬಟ್ಟಲಿನ ಚಹಾ ನೋಡತೊಡಗಿದರು. ಬುರುಲ್ಚಾ ನೆಟ್ಟಗಾದಳು. ರವಿಕೆಯೊಳಗಿಂದ ಕಾಗದ ತೆಗೆದಳು. ಆ ಹತ್ತೂ ದಿನ ಅದು ಅಲ್ಲೇ ಇತ್ತು.

"ನನ್ನ ಉಸಿರಿನ ವಿಷಯ ಇದರಲ್ಲಿ ಬರೆದಿದೆ ಸೋನುನ್, ಸರ್ಕಾರಿ ಮೊಹರು ಇದೆ. ನನ್ನ ಮೂಗಲ್ಲಿ ಏನೂ ಇಲ್ಲ. ಹುಳ ಯಾರ ಮೂಗಲ್ಲಿತ್ತು ಅಂತ ಹೇಳ್ಲಾ? ನಿನ್ನ ಮನೇಲೇ ಇತ್ತು. ಅಗೋ, ನಿನ್ನ ಸೊಸೆ ತೊಡೆ ಮೇಲೆ ಕೂತು ಬೋರ್ಸೋಕ್ ತಿಂತಾ ಇದೆ. ರಾಖಾತ್ ಇಲ್ಲೇ ಇದ್ದಾಳೆ. ಸುಳ್ಳು ಅಂತ ಹೇಳ್ಲಿ ನೋಡೋಣ!"

ರಾಖಾತ್ ತಲೆ ತಗ್ಗಿಸಿದಳು. ಸುಳ್ಳು ಎನ್ನಲು ಬರುವಂತಿರಲಿಲ್ಲ. ನಿಜ ಏನೆಂದು ಬಿಡಿಸಿ ಹೇಳುವಷ್ಟು ಹೊತ್ತನ್ನು ಯಾರೂ ಕೊಡುವಂತಿರಲಿಲ್ಲ.

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಪೆರಿಜಾತ್ ನಕ್ಕಳು. ಏನೋ ಹೊಗಳಿದರು ಎಂದುಕೊಂಡಿರಬೇಕು. ಕೈಯಲ್ಲಿದ್ದ ಕರಿದ ಹಿಟ್ಟಿನ ತುಂಡನ್ನು ಅವ್ವನ ಬಾಯಿಗೆ ಹಿಡಿದಳು. ಚೊಲ್ಪೊನ್ ಮುಖ ಹಿಂದಕ್ಕೆ ಎಳೆದುಕೊಂಡಳು. ಮಗಳ ಸೊಂಟ ಬಳಸಿದ್ದ ಅವಳ ಕೈ ಸಡಿಲವಾಗಿ ಮೆಲ್ಲಗೆ ನೆಲಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಏನು ಕಂಡಿತೆಂದು ಕೇಳಬೇಕಾಗಿಯೇ ಇರಲಿಲ್ಲ: ತೊಟ್ಟಿಲು, ತೊಟ್ಟಿಲೊಳಗೆ ತೂರಿದ ಆ ಪುಟ್ಟ ಮುಖ.

ಬುರುಲ್ಚಾ ಗೆದ್ದಳು. ಅದೇ ದಿನ ಅವಳನ್ನು ಕೈ ಹಿಡಿದು ಮೇಲಿನ ಜಾಗಕ್ಕೆ ಕರೆದುಕೊಂಡು ಹೋದರು. ಜೂನಿನಲ್ಲಿ ಮರಿಮಗುವಿನ ನಾಲಿಗೆಗೆ ಅವಳದೇ ಬೆರಳು ತಾಗಿತು, ಸಂತೋಷಕ್ಕೆ ಅತ್ತುಬಿಟ್ಟಳು. ಬೇಸಿಗೆಯಿಡೀ ಕರೆಯ ಮೇಲೆ ಕರೆ. ಟೀಚರಮ್ಮ ಮತ್ತೆ ಬರಿ ಟೀಚರಮ್ಮನಾದಳು.

ಊರಿಗೆ ಈಗ ಬೇರೆ ಮುಖ ಸಿಕ್ಕಿತ್ತು. ಪೆರಿಜಾತ್ ಆಡಲು ಬಂದರೆ ತಾಯಂದಿರು ತಮ್ಮ ಮಕ್ಕಳನ್ನು ಒಳಗೆ ಕರೆದರು. ಮಕ್ಕಳು ಅವಳಿಗೆ 'ಹುಳದ ಮೂಗಿ' ಎಂದು ಹೆಸರಿಟ್ಟರು. ಸೋನುನ್ ಅವಳ ಬಟ್ಟಲು ಬೇರೆ ಮಾಡಿದಳು, ಹಾಸಿಗೆ ಬೇರೆ ಮಾಡಿದಳು; ಚೊಲ್ಪೊನ್ ಮತ್ತೆ ಬಸುರಿಯಾದ ಮೇಲೆ ಹಾಸಿಗೆಯನ್ನು ಒಲೆಯಿಲ್ಲದ ಹೊರಕೋಣೆಗೆ ಹಾಕಿದಳು. ಚೊಲ್ಪೊನ್ ಕೆಟ್ಟವಳಲ್ಲ. ಮಗಳ ತಲೆ ಬಾಚುತ್ತಿದ್ದಳು, ಊಟ ಹಾಕುತ್ತಿದ್ದಳು, ಅಳುತ್ತಲೂ ಇದ್ದಳು. ಎತ್ತಿಕೊಳ್ಳುವುದನ್ನು ಮಾತ್ರ ಬಿಟ್ಟಳು.

ರಾಖಾತ್ ಒಂದು ಮಧ್ಯಾಹ್ನ ಬುರುಲ್ಚಾಳ ಮನೆಗೆ ಬಿರುಗಾಳಿಯ ಹಾಗೆ ನುಗ್ಗಿದಳು.

"ಹೊರಕೋಣೇಲಿ ಮಲಗಿಸ್ತಾ ಇದ್ದಾರೆ ಗೊತ್ತಾ ನಿಮಗೆ? ನಾಲ್ಕು ವರ್ಷದ್ದನ್ನ! ಇದೂ ಕೇಳ್ಕೊಳ್ಳಿ ಹಾಗಾದ್ರೆ, ನಿಮ್ಮ ಇಬ್ಬರು ಮೊಮ್ಮಕ್ಕಳ ಮೂಗಲ್ಲೂ ಇತ್ತು. ಮೊಹರು ಹಾಕಿದ ಕಾಗದ ತರ್ಲಾ? ಊರಲ್ಲಿ ಓದಿಸ್ತೀರಾ ಅದನ್ನೂ?"

ಬುರುಲ್ಚಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮತ್ತೆ ಈಗ? ಆ ಹುಡುಗಿ ಮೂಗಲ್ಲಿ ಈಗಲೂ ಇದೆಯಾ?"

"ಎಲ್ಲಿ ಇರುತ್ತೆ! ವಾರಗಟ್ಟಲೆ ಇರುತ್ತೆ, ಹೆಚ್ಚಂದ್ರೆ ಎರಡು ಮೂರು ತಿಂಗಳು. ಅವಳ ಮೂಗು ಬಿಟ್ಟು ಅದು ಯಾವಾಗಲೋ ಹೋಗಿರುತ್ತೆ. ಈ ಊರಿನ ಬಾಯಿ ಬಿಟ್ಟು ಹೋಗೋದು ಯಾವಾಗ?"

ಅವತ್ತಿನಿಂದ ಬುರುಲ್ಚಾ ಮನೆ ಮನೆಗೆ ಹೋದಳು. ಪೆರಿಜಾತಳ ತಪ್ಪಿಲ್ಲ, ಎಲ್ಲ ಮಕ್ಕಳ ಮೂಗಲ್ಲೂ ಇರುತ್ತೆ, ನನ್ನ ಮೊಮ್ಮಕ್ಕಳಲ್ಲೂ ಇತ್ತು, ನಿಮ್ಮವರಲ್ಲೂ ಇತ್ತು ಎಂದು ಗಂಟಲು ಹರಿದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ಬಗ್ಗಿ ಮಾತಾಡಿದಳು. ಹೆಂಗಸರು ಕೆನೆ ಹಾಕಿದ ಚಹಾ ಕೊಟ್ಟು, "ನಿಮ್ಮದು ದೊಡ್ಡ ಮನಸ್ಸು ಅಪಾ, ಆ ಮಗು ಮೇಲೂ ಎಷ್ಟು ಕರುಣೆ" ಎಂದರು. ಅಷ್ಟೇ. ಸೋನುನ್ ಅಂತೂ, "ಅವತ್ತು ಮೊಹರು ತೋರಿಸಿದ್ರಿ ಅಪಾ, ಇವತ್ತು ಬರೀ ಮಾತು ತಂದಿದ್ದೀರಿ" ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. ಬುರುಲ್ಚಾ ಹೇಳಿದ ಕೇಡನ್ನು ನಂಬಲು ಊರಿಗೆ ಒಂದು ಗಳಿಗೆ ಸಾಕಾಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳು ಇಡೀ ಚಳಿಗಾಲ ತಿರುಗಿದಳು, ಆಗಲಿಲ್ಲ.

ಮಾರ್ಚಿನಲ್ಲಿ ಚೊಲ್ಪೊನ್ ಮತ್ತೆ ಹೆತ್ತಳು, ಗಂಡು. ಅಷ್ಟು ಹೊತ್ತಿಗೆ ಲಸಿಕೆ ಬಂದಿತ್ತು. ರಾಖಾತ್ ದಿನಾಂಕ ಬರೆದುಕೊಂಡು ಹೋಗಿದ್ದಳು. ಬೆಣ್ಣೆಗೆ ಬುರುಲ್ಚಾಳಿಗೇ ಕರೆ ಬಂತು. ಹೋಗಬಾರದೆಂದುಕೊಂಡಳು, ಹೋದಳು. ಹೊರಕೋಣೆ ದಾಟಿಯೇ ಒಳಗೆ ಹೋಗಬೇಕು. ಅಲ್ಲಿ, ಹಿಟ್ಟಿನ ಮೂಟೆಗಳ ಪಕ್ಕ, ಕುರಿಚರ್ಮದ ಮೇಲೆ ಪೆರಿಜಾತ್ ಕೂತಿದ್ದಳು. ಕೆನ್ನೆ ಚಳಿಗೆ ಒಡೆದಿತ್ತು. ಮೂಗು ಸುರಿಯುತ್ತಿರಲಿಲ್ಲ. ಆದರೂ ಹಳೆಯ ಶಾಲಿನ ತುಂಡೊಂದನ್ನು ಮೂಗಿನ ಮೇಲಿಂದ ತಲೆಯ ಹಿಂದಕ್ಕೆ ಕಟ್ಟಿಕೊಂಡಿದ್ದಳು. ಗಂಟು ಅವಳೇ ಹಾಕಿಕೊಂಡದ್ದು, ವಕ್ರವಾಗಿತ್ತು.

ಬುರುಲ್ಚಾ ಎರಡು ಹೆಜ್ಜೆ ಹತ್ತಿರ ಹೋಗಿ ಕೈ ಚಾಚಿದಳು. ಹುಡುಗಿ ತಟಕ್ಕನೆ ಮೂಟೆಯ ಹಿಂದೆ ಸರಿದಳು.

"ದೂರ ನಿಂತ್ಕೊಳ್ಳಿ ಅಪಾ. ನೀವು ನನ್ನ ತಮ್ಮನ್ನ ಮುಟ್ಟಬೇಕಲ್ಲ. ನನ್ನ ಹತ್ರ ಬಂದು ಮುಟ್ಟಿದ್ರೆ ಸತ್ತೋಗ್ತಾನೆ."

ಅಳುತ್ತಾ ಹೇಳಿದ್ದಲ್ಲ. ಹೊರಗೆ ಹಿಮ ಬೀಳುತ್ತಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು.

"ಯಾರು ಕಂದಾ ಹಂಗಂದೋರು?"

ಹುಡುಗಿ ಅವಳನ್ನು ಅಚ್ಚರಿಯಿಂದ ನೋಡಿದಳು. "ನೀವೇ ಹಂಗಂದ್ರಂತೆ ಅಪಾ."

ಒಳಗಿನಿಂದ ಸೋನುನ್ ಕೂಗಿದಳು, "ಅಪಾ, ಬಂದ್ರಾ? ಕೂಸು ಹಸಿದಿದೆ. ಆ ಹುಡುಗಿ ಬಗ್ಗೆ ಯೋಚನೆ ಬೇಡ, ಜಾಣೆ, ತಾನಾಗೇ ದೂರ ಇರ್ತಾಳೆ."

ಬಾಗಿಲ ಬಳಿ ಹಿತ್ತಾಳೆ ಹೂಜಿಯಲ್ಲಿ ಬಿಸಿನೀರು ಇಟ್ಟಿದ್ದರು. ಒಳಗೆ ಹೋಗುವ ಮುಂಚೆ ಬುರುಲ್ಚಾ ಬಗ್ಗಿ ಕೈ ತೊಳೆದುಕೊಂಡಳು. ಸರಿಯಾಗಿ ತೊಳೆಯುತ್ತಿದ್ದಾರೋ ಇಲ್ಲವೋ ಎಂದು ಪೆರಿಜಾತ್ ಮೂಟೆಯ ಹಿಂದಿನಿಂದ ಕತ್ತು ಚಾಚಿ ನೋಡುತ್ತಿದ್ದಳು.